ರಾಕ್ಷಸಿಯನ್ನು ಕೊಂದ ನಮ್ಮನೆಯವರು

ಆ ದಿನವೂ ಜೂರಕಾನ್ ಒಂದು ಪುಸ್ತಕವನ್ನು ಬೈಯುತ್ತಲೇ ಚಹಾ ಬಗ್ಗಿಸಿದಳು.

ಬೈಸಿಕೊಂಡದ್ದು ಪ್ರೇಮದ ಕಾದಂಬರಿ. ಹೊದಿಕೆಯ ಮೇಲೆ ಕಪ್ಪು ಕುದುರೆ, ಕುದುರೆಯ ಮೇಲೆ ಗಂಡಸು, ಗಂಡಸಿನ ತೋಳಿನಲ್ಲಿ ಹೆಂಗಸು. ತಂದವನು ಗಂಡ ಎಶಿಮ್. ಆಕ್-ತೆರೆಕ್ ಊರಿನ ಲೈಬ್ರರಿಯಿಂದ ಪುಸ್ತಕ ತರುವುದು ಅವನ ಕೆಲಸ, ಓದುವುದು ಅವಳ ಕೆಲಸ. ಅವನಿಗೆ ಅಕ್ಷರ ಬರುತ್ತಿತ್ತು, ತಾಳ್ಮೆ ಇರಲಿಲ್ಲ. ಹಾಗಾಗಿ ಪುಸ್ತಕ ಆರಿಸಲು ಒಂದೇ ನಿಯಮ ಇಟ್ಟುಕೊಂಡಿದ್ದ. ಹೊದಿಕೆಯ ಮೇಲೆ ಕುದುರೆ ಇರಬೇಕು. ಕುದುರೆಗೆ ರೆಕ್ಕೆ ಇದ್ದರೆ ಅದು ಮಾಯಾಲೋಕದ ಕಥೆ. ಕುದುರೆಯ ಮೇಲೆ ಇಬ್ಬರಿದ್ದರೆ ಪ್ರೇಮಕಥೆ. ಕುದುರೆಮರಿ ನಗುತ್ತಿದ್ದರೆ ಮಕ್ಕಳ ಕಥೆ. ಏಳನೇ ತರಗತಿಗೇ ಶಾಲೆ ಬಿಟ್ಟು ಕುರಿಗಳ ಹಿಂದೆ ಬೆಟ್ಟ ಹತ್ತಿದ್ದ ಜೂರಕಾನ್, ಅರವತ್ತು ದಾಟಿದ ಮೇಲೆ ಈ ಮೂರೂ ಬಗೆಯನ್ನು ಓದಿ ಒಗೆಯುತ್ತಿದ್ದದ್ದು ಹೀಗೆ.

"ಎರಡು ದಿನ ಒಂದೇ ಸಮನೆ ಕುದುರೆ ಓಡಿಸ್ಕೊಂಡು ಬಂದ್ನಂತೆ, ಅವಳನ್ನ ನೋಡೋಕೆ," ಎಂದಳು.

"ಕುದುರೆಗೆ ನೀರು?" ಎಂದ ಎಶಿಮ್.

"ನೀರಿನ ಮಾತೇ ಇಲ್ಲ."

"ಮೇವು?"

"ಅವಳ ಕಣ್ಣು ಇದೆ, ಕೂದಲು ಇದೆ. ಮೇವಿಲ್ಲ."

ಎಶಿಮ್ ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು, ಬೋರ್ಸೊಕ್ಕನ್ನು, ಕೆನೆಯಲ್ಲಿ ಅದ್ದಿ ಬಾಯಿಗೆ ಹಾಕಿಕೊಂಡು ಯೋಚಿಸಿದ. "ಹಾಗಾದ್ರೆ ಅದು ಸತ್ತಿರತ್ತೆ ಬಿಡು. ಬರೆದೋರಿಗೆ ಗೊತ್ತಾಗಿಲ್ಲ ಅಷ್ಟೆ."

"ರೀ, ಇನ್ಮೇಲೆ ಇಬ್ಬರು ಕೂತಿರೋ ಕುದುರೆ ತರಬೇಡಿ. ಇವರದ್ದು ಬರೀ ನಿಟ್ಟುಸಿರು. ಹಾಲು ಉಕ್ಕಿದ್ರೂ ನಿಟ್ಟುಸಿರು."

"ರೆಕ್ಕೆ ಇರೋದು ತರ್ಲಾ?"

"ಬೇಡ. ಹೋದ ಸಲದ್ದರಲ್ಲಿ ಮೊದಲನೇ ಪುಟದಲ್ಲೇ ಮುದುಕಿ ಒಬ್ಬಳು ಭವಿಷ್ಯ ಹೇಳಿಬಿಟ್ಲು. ಕೊನೆಗೆ ಹಾಗೇ ಆಯ್ತು. ನಡುವೆ ನಾನೂರು ಪುಟ ಯಾಕೆ? ನಕ್ಷೆ ಬೇರೆ ಕೊಟ್ಟಿದಾರೆ. ಅಷ್ಟೊಂದು ಬೆಟ್ಟ, ಒಂದೂ ಹುಲ್ಲುಗಾವಲಿಲ್ಲ. ಆ ಸೈನ್ಯ ಏನು ತಿಂತು?"

ಎಶಿಮ್ ನಕ್ಕು ಟೋಪಿ ಹಾಕಿಕೊಂಡ. ಹುಲ್ಲು ತರುವುದಿತ್ತು, ಹೋದ. ಸಂಜೆ ಬಂದ, ಉಂಡ, ಮಲಗಿದ. ಮಾರನೆಯ ದಿನ ಬೆಳಿಗ್ಗೆ ಲಾಯದಲ್ಲಿ ಕುದುರೆಯ ಗೊರಸು ನೋಡಲು ಬಗ್ಗಿದವನು ಮತ್ತೆ ನೆಟ್ಟಗೆ ನಿಲ್ಲಲಿಲ್ಲ.

ಮನೆ ತುಂಬ ಜನ ಸೇರಿದರು. ಮುಲ್ಲಾ ಸತ್ತವನ ಹೆಸರು ಕೇಳಿದಾಗ ಉತ್ತರ ಕೊಟ್ಟವಳು ಓರಗಿತ್ತಿ ಕಾಲಿಚಾ, ಎಶಿಮನ ಅಣ್ಣನ ಹೆಂಡತಿ. ಜೂರಕಾನ್ ಹೇಳುವಂತಿರಲಿಲ್ಲ. ಸೊಸೆಯಾಗಿ ಹೊಸಿಲು ದಾಟಿದ ದಿನ ಅತ್ತೆ ಹೇಳಿಕೊಟ್ಟಿದ್ದಳು, ಮಾವನ ಹೆಸರು, ಭಾವನ ಹೆಸರು, ಗಂಡನ ಹೆಸರು ಬಾಯಲ್ಲಿ ಬರಕೂಡದು ಅಂತ. ಈಗಿನ ಸೊಸೆಯರು ಗಂಡನನ್ನು ಹೆಸರು ಹಿಡಿದು ಕೂಗುತ್ತಾರೆ. ಜೂರಕಾನ್ ಕೂಗಿದವಳಲ್ಲ. ಒಮ್ಮೆ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಹುಡುಗಿ ರೋಗಿಯ ಹೆಸರು ಕೇಳಿದಾಗಲೂ "ಕಾಲಿಚಾಳ ಮೈದುನ" ಅಂದಿದ್ದಳು. ಚೀಟಿಯಲ್ಲಿ ಹಾಗೆಯೇ ಬರೆದುಕೊಂಡಿದ್ದರು.

ಅವನು ಸತ್ತ ಸುದ್ದಿಯನ್ನೂ ಅವಳು ಯಾರಿಗೂ ಹೇಳಲಿಲ್ಲ. ದೂರದ ನೆಂಟರ ಫೋನು ಬಂದರೆ ಕಾಲಿಚಾಳ ಕೈಗೆ ಕೊಡುತ್ತಿದ್ದಳು. ಕಾಲಿಚಾ ಹೇಳುತ್ತಿದ್ದಳು, ಆಚೆಯವರು ಅಳುತ್ತಿದ್ದರು, ಜೂರಕಾನ್ ಲೋಟ ತೊಳೆಯುತ್ತಿದ್ದಳು. ಆ ಮಾತು ಅವಳ ಬಾಯಿಂದ ಒಂದು ಸಲವೂ ಹೊರಬಿದ್ದಿರಲಿಲ್ಲ.

ಸತ್ತ ನಲವತ್ತನೆಯ ದಿನದ ಊಟ ಮುಗಿಯಿತು. ಜನ ಬರುವುದು ಕಡಿಮೆಯಾಯಿತು. ಕಪ್ಪು ತಲೆವಸ್ತ್ರ ಕಟ್ಟಿಕೊಂಡು ಜೂರಕಾನ್ ಮನೆಯಲ್ಲಿದ್ದ ಒಂದೆರಡು ಪುಸ್ತಕ ಓದಿದಳು. ಓದಿ ಮುಚ್ಚಿಟ್ಟಳು. ಕೆಟ್ಟ ಪುಸ್ತಕಗಳು. ಕೆಟ್ಟವು ಅಂತ ಯಾರಿಗೆ ಹೇಳುವುದು?

ಲೈಬ್ರರಿಯ ಚೋಲ್ಪೊನ್ ಒಂದು ದಿನ ಮನೆಗೆ ಬಂದಳು. ಅವಳಿಗೆ ಜೂರಕಾನ್ ಎಂದರೆ ಎಜೆ, ದೊಡ್ಡಕ್ಕ.

"ಎಜೆ, ಶನಿವಾರ ಮಕ್ಕಳಿಗೆ ಕಥೆ ಓದ್ತೀರಾ? ನಾನು ಓದಿದ್ರೆ ಮಲಕ್ಕೊಂಡುಬಿಡ್ತಾವೆ."

"ನಾನು ನಿಧಾನಕ್ಕೆ ಓದ್ತೀನಿ. ಅಲ್ಲಲ್ಲಿ ತೊಡರ್ತೀನಿ."

"ತೊಡರಿ. ಹಾಗಾದ್ರೂ ಎಚ್ಚರ ಇರ್ತಾವೆ."

"ಮೈಮೇಲೆ ಕಪ್ಪು ಬಟ್ಟೆ ಇದೆ."

"ಪುಸ್ತಕಕ್ಕೆ ಬಣ್ಣ ಕಾಣಲ್ಲ ಎಜೆ."

ಜೂರಕಾನ್ ಹೋದಳು. ಮೊದಲ ಶನಿವಾರ ಸಿಕ್ಕಿದ್ದು ತೆಳ್ಳನೆಯ ಮಕ್ಕಳ ಪುಸ್ತಕ. ಒಂದು ಕುದುರೆಮರಿ ಎದ್ದು ಹಲ್ಲುಜ್ಜುತ್ತದೆ, ಅಮ್ಮನಿಗೆ ಧನ್ಯವಾದ ಹೇಳುತ್ತದೆ, ಹುಲ್ಲನ್ನು ಗೆಳೆಯರೊಂದಿಗೆ ಹಂಚಿಕೊಳ್ಳುತ್ತದೆ. ಅರ್ಧಕ್ಕೆ ಬಂದಾಗ ಅವಳಿಗೆ ತಡೆಯಲಾಗಲಿಲ್ಲ.

"ಇದು ಕುದುರೆಮರಿ ಅಲ್ಲ," ಅಂದಳು. "ಹೆಡ್ ಮಾಸ್ಟರು. ನಿಮ್ಮಲ್ಲಿ ಯಾರ ಮನೆ ಮರಿಯಾದ್ರೂ ಹೀಗಿದೆಯೇನ್ರೋ?"

"ನಮ್ಮನೇದು ನಮ್ಮಪ್ಪನ ಬೆನ್ನು ಕಚ್ಚಿದೆ ಅಪಾ!" ಅಂದಳು ನೂರಿಜಾ, ಮುಂದಿನ ಹಲ್ಲು ಬಿದ್ದ ಹುಡುಗಿ. ಊರಿನ ಮಕ್ಕಳಿಗೆ ಜೂರಕಾನ್ ಅಪಾ, ಅಂದರೆ ಅಜ್ಜಿ; ಎಶಿಮ್ ಅತಾ, ಅಜ್ಜ.

"ಹಾಂ. ಅದರ ಕಥೆ ಯಾರಾದ್ರೂ ಬರೀಬೇಕು."

ಮಕ್ಕಳು ನಕ್ಕವು. ಜೂರಕಾನಳಿಗೂ ತುಟಿ ಅರಳಿತು, ಕೂಡಲೇ ತಲೆವಸ್ತ್ರದ ತುದಿ ಅಡ್ಡ ಹಿಡಿದಳು. ಆ ರಾತ್ರಿ ತಡಮಾಡದೆ ನಿದ್ದೆ ಬಂತು.

ಮುಂದಿನ ಶನಿವಾರ ಪುಸ್ತಕ ಆರಿಸಿದ್ದು ಮಕ್ಕಳು. ಇಟ್ಟಿಗೆಯಷ್ಟು ದಪ್ಪ, ಮಾಯಾಲೋಕದ್ದು. ಜೂರಕಾನ್ ಕನ್ನಡಕ ಏರಿಸಿ ಮೊದಲ ಸಾಲಿಗೆ ಬೆರಳಿಟ್ಟಳು. ಬೆರಳು ಅಲ್ಲೇ ನಿಂತಿತು. ಕಥಾನಾಯಕ ಒಬ್ಬ ಕುರುಬ. ಅವನ ಹೆಸರು ಎಶಿಮ್.

ಮಕ್ಕಳು ಕಾದವು. ಚೋಲ್ಪೊನ್ ತಲೆಯೆತ್ತಿ ನೋಡಿದಳು.

"ಓದಿ ಅಪಾ."

ಹೆಸರು ಹೇಳುವ ಹಾಗಿಲ್ಲ, ಹೇಳದೆ ಕಥೆ ಮುಂದೆ ಹೋಗುವ ಹಾಗಿಲ್ಲ. ಜೂರಕಾನ್ ಗಂಟಲು ಸರಿಮಾಡಿಕೊಂಡಳು. ನಲವತ್ತು ವರ್ಷದಿಂದ ಆ ಹೆಸರಿನ ಜಾಗದಲ್ಲಿ ಏನು ಹೇಳುತ್ತಿದ್ದಳೋ ಅದೇ ಬಾಯಿಗೆ ಬಂತು.

"ನಮ್ಮನೆಯವರು," ಎಂದು ಓದಿದಳು, "ಒಂದು ಮುಂಜಾನೆ ಬೂದು ಕುದುರೆಗೆ ಜೀನು ಬಿಗಿದು, ಏಳು ತಲೆಯ ರಾಕ್ಷಸಿಯನ್ನು ಹುಡುಕಿಕೊಂಡು ಹೊರಟರು."

"ಎಶಿಮ್ ಅತಾ ರಾಕ್ಷಸಿ ಹುಡುಕ್ಕೊಂಡು ಹೋಗಿದ್ರಾ?" ಎಂದಳು ನೂರಿಜಾ.

"ಪುಸ್ತಕದಲ್ಲಿದೆ. ಸುಮ್ನೆ ಕೇಳು."

ಅಂದಿನಿಂದ ಶನಿವಾರ ಲೈಬ್ರರಿಯಲ್ಲಿ ಕೂರಲು ಜಾಗ ಸಾಲಲಿಲ್ಲ. ನಮ್ಮನೆಯವರು ಹಿಮದ ಕಣಿವೆ ದಾಟಿದರು. ನಮ್ಮನೆಯವರು ಮಾತಾಡುವ ಹದ್ದಿನ ಒಗಟು ಬಿಡಿಸಿದರು. ನಮ್ಮನೆಯವರು ನದಿ ಕಂಡಲ್ಲೆಲ್ಲ ಮೊದಲು ಕುದುರೆಗೆ ನೀರು ಕುಡಿಸಿದರು. ಈ ಕಡೆಯದು ಪುಸ್ತಕದಲ್ಲಿ ಇರಲಿಲ್ಲ, ಜೂರಕಾನ್ ಸೇರಿಸಿದ್ದು. ಖಾನನ ಮಗಳು ಬಿಡಾರದ ಪರದೆ ಸರಿಸಿ ಕುರುಬನನ್ನು ಒಳಗೆ ಕರೆದ ಕಡೆ ಮಾತ್ರ ಅವಳು ಪುಟ ಮಗುಚಿದಳು.

"ನಮ್ಮನೆಯವರು ಅವಳಿಗೆ ಸಲಾಮು ಹೇಳಿ ಮುಂದೆ ಹೋದರು."

ನೂರಿಜಾ ಹೆಗಲ ಮೇಲಿನಿಂದ ಇಣುಕಿದಳು. "ಅಪಾ, ಅವಳ ಬಗ್ಗೆ ಇನ್ನೂ ಎರಡು ಪುಟ ಇದ್ಯಲ್ಲ?"

"ಇದೆ. ಆ ಎರಡು ಪುಟದಲ್ಲಿ ಅವರಿಗೆ ಕೆಲಸ ಇರಲಿಲ್ಲ."

ಚೋಲ್ಪೊನ್ ನಗು ತಡೆಯಲಾರದೆ ಎದ್ದು ಹೊರಗೆ ಹೋದಳು.

ಮಕ್ಕಳು ಮನೆಗೆ ಹೋಗಿ ಕಥೆಯನ್ನು ಹಾಗೆಯೇ ಹೇಳಿದವು. ವಾರ ಕಳೆಯುವುದರೊಳಗೆ ಎಶಿಮನ ಸಾಹಸ ಊರ ಬಾಯಿಗೆ ಬಿತ್ತು. ಕಾಲಿಚಾ ಲಂಗಕ್ಕೆ ಹಿಟ್ಟಿನ ಕೈ ಒರೆಸುತ್ತ ಓಡಿಬಂದಳು.

"ಜೂರಕಾನ್, ಏನೇ ಇದು? ಅಂಗಡಿ ಹತ್ರ ಮುದುಕರು ನನ್ನ ನಿಲ್ಲಿಸಿ, ನಿನ್ನ ಮೈದುನ ರಾಕ್ಷಸಿಯ ನಾಲ್ಕು ತಲೆ ಕಡಿದನಂತಲ್ಲ, ಉಳಿದ ಮೂರು ಯಾವಾಗ ಅಂತ ಕೇಳ್ತಾರೆ!"

"ಶನಿವಾರ ಅನ್ನಬೇಕಿತ್ತು."

"ಅಯ್ಯೋ, ಎಶಿಮ್ ಕೋಳಿ ಕೊಯ್ಯೋಕೂ ನಮ್ಮೋರನ್ನ ಕರೀತಿದ್ದ! ಕಣ್ಣು ಮುಚ್ಕೊಂಡು ಆಚೆ ತಿರುಗಿ ನಿಲ್ತಿದ್ದ!"

"ಪುಸ್ತಕದಲ್ಲಿ ಕೋಳಿ ಬಂದಿಲ್ಲ ಇನ್ನೂ."

ಕಾಲಿಚಾಳಿಗೆ ಬೈಯಬೇಕೆಂದಿತ್ತು. ಕಪ್ಪು ಉಟ್ಟವಳು, ವರ್ಷದ ಊಟ ಆಗುವವರೆಗೆ ತಗ್ಗಿ ಇರಬೇಕಾದವಳು. ಆದರೆ ಹೊಟ್ಟೆಯೊಳಗಿಂದ ನಗು ಎದ್ದು ಬಂತು. ಓರಗಿತ್ತಿಯರಿಬ್ಬರೂ ಬಾಗಿಲು ಹಾಕಿಕೊಂಡು ನಕ್ಕರು. ನಕ್ಕು ನಕ್ಕು ಕಾಲಿಚಾ ಅತ್ತಳು. ಜೂರಕಾನ್ ಅವಳಿಗೆ ಚಹಾ ಕೊಟ್ಟಳು.

ಮಕ್ಕಳ ಮುಂದೆ ತೊಡರಬಾರದೆಂದು ಜೂರಕಾನ್ ವಾರದ ನಡುವೆ ಮುಂದಿನ ಅಧ್ಯಾಯ ಓದಿಟ್ಟುಕೊಳ್ಳುತ್ತಿದ್ದಳು. ಹಾಗೆ ಓದುವಾಗ ಏಳನೆಯ ತಲೆ ಉರುಳಿತು. ಉರುಳುವ ಮುನ್ನ ರಾಕ್ಷಸಿ ಕುರುಬನ ಎದೆಗೆ ಉಗುರು ಇಳಿಸಿದಳು. ಕುರುಬ ಕುದುರೆಯ ಕಾಲ ಬಳಿ ಬಿದ್ದ. ಸತ್ತ.

ಅವಳು ಪುಸ್ತಕ ಮುಚ್ಚಿ ಹಾಸಿಗೆಯ ರಾಶಿಯ ಕೆಳಗೆ ತುರುಕಿದಳು. ಶನಿವಾರ ಬಂದರೆ ಅದನ್ನು ಬಾಯಿಬಿಟ್ಟು ಓದಬೇಕು. ಕುರುಬ ಸತ್ತ ಎಂದಲ್ಲ. ನಮ್ಮನೆಯವರು ಸತ್ತರು ಎಂದು.

ಕಾಲಿಚಾಳ ಮನೆಗೆ ಹೋಗಿ ಹೇಳಿದಳು.

"ಅಷ್ಟೇ ತಾನೆ?" ಎಂದಳು ಕಾಲಿಚಾ. "ಬದಲಾಯಿಸಿ ಓದು. ಗಾಯ ಆಯ್ತು, ವಾಸಿಯಾಯ್ತು, ಮನೆಗೆ ಬಂದ ಅನ್ನು."

"ಹಾಗನ್ನೋಕಾಗಲ್ಲ ಎಜೆ."

"ಖಾನನ ಮಗಳನ್ನ ಪೂರ್ತಿ ಎಗರಿಸ್ದೆ, ಇದನ್ನ ಎಗರಿಸೋಕಾಗಲ್ವಾ?"

"ಅದು ನಡೆದಿರಲಿಲ್ಲ, ಇದು ನಡೆದಿದೆ," ಎಂದಳು ಜೂರಕಾನ್.

ಕಾಲಿಚಾ ಒಲೆಯ ಮೇಲಿನ ಚಹಾ ಇಳಿಸಿದಳು. "ಹಾಗಾದ್ರೆ ಹುಷಾರಿಲ್ಲ ಅಂತ ಹೇಳಿ ಕಳಿಸಿಬಿಡು," ಅಂದಳು. ಜೂರಕಾನ್ ಅದನ್ನೂ ಯೋಚಿಸಿದಳು. ಹೇಳಿ ಕಳಿಸಿದರೆ ಚೋಲ್ಪೊನ್ ಓದುತ್ತಾಳೆ. ಚೋಲ್ಪೊನ್ ಬಾಯಲ್ಲಿ ಅವನು ಸಾಯುತ್ತಾನೆ, ಮಕ್ಕಳು ನಿದ್ದೆ ಹೋಗುತ್ತವೆ. ಅದು ಅವಳಿಗೆ ಒಪ್ಪಿಗೆಯಾಗಲಿಲ್ಲ.

ಶನಿವಾರ ಮಕ್ಕಳು ಬೂಟು ಕಳಚಿ ಚಾಪೆಯ ಮೇಲೆ ಒತ್ತಿಕೊಂಡು ಕೂತಿದ್ದವು. ಬಾಗಿಲ ಬಳಿ ಕಾಲಿಚಾ ಕೂಡ ಬಂದು ನಿಂತಿದ್ದಳು, ಮೊಮ್ಮಗಳನ್ನು ಕರೆದೊಯ್ಯುವ ನೆಪದಲ್ಲಿ. ಜೂರಕಾನ್ ಓದಿದಳು. ಐದನೆಯ ತಲೆಗೆ ಮಕ್ಕಳು ಕೂಗಿದವು. ಆರನೆಯದಕ್ಕೆ ಎದ್ದು ಕುಣಿದವು. ಏಳನೆಯದು ಉರುಳಿತು. ಉಗುರು ಇಳಿಯಿತು. ಜೂರಕಾನ್ ನೀರು ಕುಡಿದಳು, ಲೋಟ ಕೆಳಗಿಟ್ಟಳು, ಬೆರಳನ್ನು ಸಾಲಿನ ಮೇಲೆ ಇಟ್ಟುಕೊಂಡಳು.

"ನಮ್ಮನೆಯವರು ಕುದುರೆಯ ಕಾಲ ಬಳಿ ಬಿದ್ದರು," ಎಂದು ಓದಿದಳು. "ನಮ್ಮನೆಯವರು ಸತ್ತುಹೋದರು."

ಸದ್ದು ಸಣ್ಣದಾಗಿ ಬಂತು. ಆದರೆ ಬಂತು. ಗೋಡೆ ಬೀಳಲಿಲ್ಲ. ಬಾಗಿಲ ಬಳಿ ಕಾಲಿಚಾ ಮೂಗು ಸೀಟಿದಳು. ಮಕ್ಕಳು ಒಂದರ ಮುಖ ಒಂದು ನೋಡಿಕೊಂಡವು. ಎಶಿಮ್ ಅತಾ ಸತ್ತದ್ದು ಅವಕ್ಕೂ ಗೊತ್ತಿತ್ತು. ಅವನ ನಲವತ್ತರ ಊಟದಲ್ಲಿ ಮಾಂಸ ತಿಂದಿದ್ದವು.

ನೂರಿಜಾ ಮೆಲ್ಲಗೆ ಅಂದಳು, "ಅಪಾ, ಇನ್ನೂ ಹಾಳೆ ಇದೆ."

ಇತ್ತು. ಆ ಕೊನೆಯ ಅಧ್ಯಾಯವನ್ನು ಜೂರಕಾನ್ ಓದಿಟ್ಟುಕೊಂಡಿರಲಿಲ್ಲ. ಪುಟ ಮಗುಚಿದಳು. ತೊಡರುತ್ತ ಓದಿದಳು. ಹದ್ದು ಬೆಟ್ಟದಾಚೆಯ ಚಿಲುಮೆಯಿಂದ ಕೊಕ್ಕಿನಲ್ಲಿ ಜೀವಜಲ ತಂದಿತು. ಸತ್ತವನ ತುಟಿಗೆ ಹನಿಸಿತು. ಮುಂದಿನ ಸಾಲಿನ ಮೊದಲ ಪದದ ಮೇಲೆ ಅವಳ ಬೆರಳು ನಿಂತಿತು. ಮಕ್ಕಳು ಬಾಯಿ ತೆರೆದು ಕಾದವು.

ನಮ್ಮನೆಯವರು ಎನ್ನಲು ಹೋದಳು. ಬರಲಿಲ್ಲ. ನಮ್ಮನೆಯವರು ಏಳಲಿಲ್ಲ. ಅವರ ತುಟಿಗೆ ನೀರು ಮುಟ್ಟಿಸಿದವಳು ಅವಳೇ. ಅವಳಿಗೆ ಗೊತ್ತು.

"ಎಶಿಮ್," ಎಂದಳು ಜೂರಕಾನ್, ಸ್ಪಷ್ಟವಾಗಿ, ಎಲ್ಲರಿಗೂ ಕೇಳುವಂತೆ, "ಎಶಿಮ್ ಕಣ್ಣು ತೆರೆದ. ಎದ್ದು ಕೂತ."

ಕಾಲಿಚಾ "ಯಾ ಅಲ್ಲಾ" ಎಂದು ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. ಮಕ್ಕಳಲ್ಲಿ ಗುಸುಗುಸು ಎದ್ದಿತು.

"ನಮ್ಮನೆಯವರು ಅಲ್ವಾ ಅಪಾ?" ಎಂದಳು ನೂರಿಜಾ.

"ಅಲ್ಲ. ಇವನು ಪುಸ್ತಕದವನು. ನಮ್ಮನೆಯವರು ಹಿಂದಿನ ಅಧ್ಯಾಯದಲ್ಲಿ ಸತ್ತರು."

"ಹಾಗಾದ್ರೆ ಖಾನನ ಮಗಳನ್ನ ಇವನು ಮದುವೆ ಆಗಬಹುದಾ?"

ಜೂರಕಾನ್ ಯೋಚಿಸಿದಳು. "ಇವನು ಆಗಲಿ. ನಂದೇನೂ ಅಭ್ಯಂತರ ಇಲ್ಲ."

ಮದುವೆಯೂ ಆಯಿತು. ಪುಸ್ತಕ ಮುಗಿಯಿತು. ಮಕ್ಕಳು ಬೂಟು ಹುಡುಕುವಾಗ ಚೋಲ್ಪೊನ್ ಹತ್ತಿರ ಬಂದು, "ಹೇಗಿತ್ತು ಎಜೆ?" ಅಂದಳು.

"ಕೊನೇ ಅಧ್ಯಾಯ ಹರಿದು ಹಾಕಬೇಕು."

"ಎಜೆ! ಲೈಬ್ರರಿ ಪುಸ್ತಕ!"

"ಗೊತ್ತು. ಅದಕ್ಕೇ ಹರಿದಿಲ್ಲ."

ಆ ವಾರ ಊರಿನಿಂದ ದೂರ ಇರುವ ನಾದಿನಿಯ ಫೋನು ಬಂದಾಗ ಜೂರಕಾನ್ ಅದನ್ನು ಕಾಲಿಚಾಳಿಗೆ ಕೊಡಲಿಲ್ಲ. ತಾನೇ ಮಾತಾಡಿದಳು.

ಈಗ ಬೆಳಿಗ್ಗೆ ಎದ್ದವಳೇ ಹಾರೆ ತೆಗೆದುಕೊಂಡು ಮನೆ ಮುಂದಿನ ಕಾಲುವೆಗೆ ಹೋಗುತ್ತಾಳೆ. ಮಂಜುಗಡ್ಡೆ ಒಡೆದು ಎರಡು ಬಕೆಟ್ ನೀರು ಎತ್ತಿ ಹಸುವಿನ ಮುಂದೆ ಇಡುತ್ತಾಳೆ. ಹಸು ಕುಡಿಯುವವರೆಗೆ ನಿಂತು, ಹಿಂದಿನ ದಿನ ಓದಿದ ಪುಸ್ತಕ ಎಷ್ಟು ಕೆಟ್ಟದ್ದು ಎಂದು ಹೇಳುತ್ತಾಳೆ. ಕೆಲವು ಪುಸ್ತಕಕ್ಕೆ ಒಂದು ಬಕೆಟ್ ಸಾಕಾಗುತ್ತದೆ. ಪ್ರೇಮಕಥೆಯಾದರೆ ಎರಡೂ ಬೇಕು.