ಅಂಚು ಒಡೆದ ಗುಂಡುಕಲ್ಲು

ಕಳೆದ ವರ್ಷ ಆಟಿ ತಿಂಗಳು ಮುಗಿದು, ಊರಲ್ಲಿ ಗೃಹಪ್ರವೇಶ, ನಾಮಕರಣಗಳೆಲ್ಲ ಮತ್ತೆ ಶುರುವಾಗುವ ಹೊತ್ತಿಗೆ ಸರಿಯಾಗಿ ನನ್ನ ಗ್ರೈಂಡರ್ ಕೆಟ್ಟುಹೋಯಿತು. ನಾನು ನರಿಮೊಗರಿನ ನಮ್ಮ ಮನೆಯಲ್ಲೇ ನೀರುದೋಸೆ, ಪುಂಡಿ ಕಡುಬು ಮಾಡಿ ಸಣ್ಣಪುಟ್ಟ ಕಾರ್ಯಕ್ರಮಗಳಿಗೆ ಕೊಡುವವಳು. ಗ್ರೈಂಡರ್ ಇಲ್ಲದಿದ್ದರೆ ಕೈ ಕಟ್ಟಿ ಹಾಕಿದ ಹಾಗೆ. ಮೋಟಾರು ಸುಟ್ಟಿದೆ, ಇದನ್ನು ರಿಪೇರಿ ಮಾಡುವ ಬದಲು ಹಳೆಯದೊಂದು ನೋಡಿ ಎಂದು ರಿಪೇರಿಯವನೇ ಹೇಳಿದ.

ಹಳೆ ಸಾಮಾನು ಕೊಳ್ಳಲು ನನಗೆ ನಾಚಿಕೆ ಇಲ್ಲ. ನಮ್ಮ ಮನೆಯ ಕಪಾಟು, ಫ್ರಿಜ್ಜು, ಮಗಳು ಓದುವ ಮೇಜು ಎಲ್ಲ ಪುತ್ತೂರಿನ ಹಳೆ ಸಾಮಾನಿನ ಅಂಗಡಿಗಳಿಂದಲೇ ಬಂದದ್ದು. ಬಾಗಿಲು ತೆಗೆದು ಹಾಕಿ, ಬಗ್ಗಿ ಅಡಿಭಾಗ ನೋಡಿ, ಗೆದ್ದಲು ಹಿಡಿದಿದೆಯಾ ಎಂದು ಉಗುರಿನಿಂದ ಕೆರೆದು, ಆಮೇಲೆ ಚೌಕಾಸಿಗೆ ಇಳಿಯುತ್ತೇನೆ. ಗ್ರೈಂಡರ್ ನೋಡಲು ಹೋಗುವಾಗಲೂ ಬೆಳ್ತಿಗೆ ಅಕ್ಕಿ ನೆನೆಸಿ ಸ್ಟೀಲ್ ಡಬ್ಬಿಯಲ್ಲಿ ತುಂಬಿಸಿಕೊಂಡೇ ಹೊರಟೆ. ಅರೆದು ನೋಡದೆ ಗ್ರೈಂಡರ್ ಕೊಳ್ಳುವುದುಂಟೇ? ನೀರುದೋಸೆಯ ಹಿಟ್ಟಿನಲ್ಲಿ ಸ್ವಲ್ಪ ತರಿ ಉಳಿದರೂ ದೋಸೆ ಕಾವಲಿಯಿಂದ ಇಡಿಯಾಗಿ ಏಳುವುದಿಲ್ಲ.

ಅಂಗಡಿಯಲ್ಲಿ ಮುಚ್ಚಿದ ಹೋಟೆಲುಗಳಿಂದ ಬಂದ ಗ್ರೈಂಡರುಗಳು ಸಾಲಾಗಿ ನಿಂತಿದ್ದವು. ನಾನು ಒಂದೊಂದರ ಕಲ್ಲಿಗೆ ಕೈ ಹಾಕಿ ನೋಡುತ್ತಿದ್ದರೆ, ಅಂಗಡಿಯವ ಮಾತಾಡುತ್ತಿದ್ದದ್ದು ಜೊತೆಗೆ ಬಂದಿದ್ದ ನನ್ನ ಗಂಡನ ಹತ್ತಿರ. ಇವರಿಗೋ ನಮ್ಮ ಮನೆಯ ಗ್ರೈಂಡರಿನ ಸ್ವಿಚ್ಚು ಯಾವ ಬದಿಯಲ್ಲಿದೆ ಎಂದೂ ಗೊತ್ತಿಲ್ಲ. ಎಷ್ಟು ಲೀಟರಿನದು ಎಂದು ನಾನು ಕೇಳಿದರೆ ಉತ್ತರ ಇವರಿಗೆ. ಕಲ್ಲಿಗೆ ಯಾವಾಗ ಉಳಿ ಹೊಡೆಸಿ ಒರಟು ಮಾಡಿಸಿದ್ದು ಎಂದು ಕೇಳಿದರೂ ಉತ್ತರ ಇವರಿಗೆ. ಇವರು ಎಲ್ಲ ತಿಳಿದವರ ಹಾಗೆ ತಲೆ ಆಡಿಸುತ್ತಿದ್ದರು. ನನ್ನ ಸಿಟ್ಟು ಅಲ್ಲಿಂದಲೇ ಶುರು.

ಅಕ್ಕಿ ಹಾಕಿ ಅರೆದು ನೋಡಿದಾಗ ಒಂದು ಗ್ರೈಂಡರ್ ಬೆಣ್ಣೆಯ ಹಾಗೆ ಹಿಟ್ಟು ಕೊಟ್ಟಿತು. ಅದರ ಗುಂಡುಕಲ್ಲಿನ ಅಂಚಿನಲ್ಲಿ ಕಡಲೆಯಷ್ಟು ದೊಡ್ಡ ಚೂರು ಎದ್ದುಹೋಗಿತ್ತು. ಅರೆಯಲು ಅದರಿಂದ ಏನೂ ತೊಂದರೆ ಇರಲಿಲ್ಲ. ಆದರೆ ಚೌಕಾಸಿಗೆ ಅದಕ್ಕಿಂತ ಒಳ್ಳೆಯ ಕಾರಣ ಬೇಕಾ? ಒಡೆದ ಕಲ್ಲಿಗೆ ಯಾರು ಇಷ್ಟು ಕೊಡುತ್ತಾರೆ ಎಂದು ನಾನು ಹಿಡಿದ ಹಟ ಬಿಡಲಿಲ್ಲ. ಒಂಬತ್ತು ಸಾವಿರ ಹೇಳಿದ್ದವ ಕೊನೆಗೆ ಏಳೂವರೆಗೆ ಒಪ್ಪಿದ. ಅದೂ ನನ್ನ ಗಂಡನ ಮುಖ ನೋಡಿ, ಅಣ್ಣ ಬಂದದ್ದಕ್ಕೆ ಕೊಡುವುದು ಎಂದು ಹೇಳಿ. ಹಣ ಕೊಟ್ಟದ್ದು ನನ್ನ ಪರ್ಸಿನಿಂದ.

ಮರುದಿನ ಪಿಕಪ್‌ನಲ್ಲಿ ಗ್ರೈಂಡರ್ ಬಂತು. ಆ ವಾರವೇ ಒಂದು ಗೃಹಪ್ರವೇಶಕ್ಕೆ ಬೆಳಗ್ಗಿನ ನೀರುದೋಸೆ ಒಪ್ಪಿಕೊಂಡಿದ್ದೆ. ಅಷ್ಟು ದೊಡ್ಡ ಆರ್ಡರು ನನಗೆ ಅದೇ ಮೊದಲು. ಅದು ಸರಿಯಾದರೆ ಅದೇ ಕುಟುಂಬದ ಮದುವೆಯದ್ದೂ ನನಗೇ ಎಂದು ಹೇಳಿದ್ದರು. ಹಿಂದಿನ ಸಂಜೆ ಅರೆಯಲು ಕೂತರೆ ಹಿಟ್ಟು ಬಿಸಿಯಾಗುತ್ತದೆ, ನುಣ್ಣಗಾಗುವುದಿಲ್ಲ. ಅಕ್ಕಿಯೇ ಸರಿ ಇಲ್ಲ ಎಂದು ಅಕ್ಕಿ ಅಂಗಡಿಯವನಿಗೆ ಬೈದೆ. ಹಿಟ್ಟನ್ನು ಬಟ್ಟೆಯಲ್ಲಿ ಸೋಸಿದೆ. ಆದರೂ ಬೆಳಿಗ್ಗೆ ಗೃಹಪ್ರವೇಶದ ಮನೆಯಲ್ಲಿ ದೋಸೆ ಕಾವಲಿಯಿಂದ ಚೂರುಚೂರಾಗಿ ಬಂತು. ಬಡಿಸುವಾಗ ನೆಂಟರೊಬ್ಬರು ಎಲ್ಲರಿಗೂ ಕೇಳುವ ಹಾಗೆ, "ಇದು ದೋಸೆಯಾ, ಉಪ್ಪಿಟ್ಟಾ?" ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಆ ಮನೆಯ ಯಜಮಾನಿ ಮದುವೆಯ ವಿಷಯವನ್ನು ಮತ್ತೆ ಎತ್ತಲಿಲ್ಲ.

ಮನೆಗೆ ಬಂದು ಅಳುತ್ತಲೇ ಗ್ರೈಂಡರ್ ತೊಳೆಯುವಾಗ ಕಲ್ಲಿನ ಸುತ್ತ ಕೈ ಆಡಿಸಿದೆ. ಒಡಕು ಸಿಗಲಿಲ್ಲ. ತಿರುಗಿಸಿ ತಿರುಗಿಸಿ ನೋಡಿದೆ. ಅಂಚೆಲ್ಲ ದುಂಡಗೆ, ಮೈ ನದಿಯ ಕಲ್ಲಿನ ಹಾಗೆ ನುಣುಪು. ಹಳೆ ಸಾಮಾನಿನ ಅಂಗಡಿಯವ ನನ್ನ ಗ್ರೈಂಡರಿಗೆ ಸವೆದ ಕಲ್ಲು ಹಾಕಿ ಕಳಿಸಿದ್ದ! ನನ್ನ ಅಳು ಅಲ್ಲಿಗೇ ನಿಂತಿತು.

ಮತ್ತೆ ಅಕ್ಕಿ ನೆನೆಸಿದೆ. ಸೋಮವಾರ, ಸಂತೆಯ ದಿನ, ಅಂಗಡಿಯಲ್ಲಿ ಜನ ತುಂಬಿರುವ ಹೊತ್ತು ನೋಡಿ, ಕಲ್ಲನ್ನು ಗೋಣಿಯಲ್ಲಿ ಕಟ್ಟಿ ಸ್ಕೂಟರಿನಲ್ಲಿ ಕಾಲ ಬಳಿ ಇಡಿಸಿ ಹೊರಟೆವು. ಹಳೆ ಸಾಮಾನು ಎಂದರೆ ಹಾಗೆಯೇ, ಜಗಳ ಎಲ್ಲ ಬೇಡ ಎಂದು ಇವರು ದಾರಿಯುದ್ದಕ್ಕೂ ಹೇಳುತ್ತಿದ್ದರು. ನಾನು ಅಕ್ಕಿಯ ಡಬ್ಬಿಯನ್ನು ಮಡಿಲಲ್ಲಿ ಹಿಡಿದು ಕೂತಿದ್ದೆ.

ಅಂಗಡಿಯವ ಕಲ್ಲು ನೋಡಿ ಸ್ವಲ್ಪವೂ ಗಲಿಬಿಲಿಯಾಗಲಿಲ್ಲ. ಎಂದಿನಂತೆ ನನ್ನ ಗಂಡನ ಕಡೆಗೆ ತಿರುಗಿ ಹೇಳಿದ:

"ಎಂತ ಅಣ್ಣ ಇದು? ಕಲ್ಲು ಒಡೆದದ್ದು ಅಂತ ಅಕ್ಕ ಅಷ್ಟು ಗಲಾಟೆ ಮಾಡಿದ್ರಲ್ಲ. ಪಾಪ ಅಂತ ಒಡಕು ಇಲ್ಲದ್ದು ಹಾಕಿ ಕೊಟ್ಟೆ. ಒಳ್ಳೇದು ಮಾಡಿದ್ದೇ ತಪ್ಪಾ?"

ನನ್ನದೇ ಚೌಕಾಸಿನ ಮಾತನ್ನು ನನಗೇ ತಿರುಗಿಸಿ ಕೊಟ್ಟಿದ್ದ. ಅಲ್ಲಿದ್ದವರಿಗೂ ಅವನದೇ ನ್ಯಾಯ ಎಂದು ಕಂಡಿರಬೇಕು. ಇವರು ನನ್ನ ಕೈ ಹಿಡಿದು, ಹೋಗುವ ಎಂದರು.

ಆಗಲೇ ಬಾಗಿಲ ಹತ್ತಿರ ತೊಳೆದು ನಿಲ್ಲಿಸಿದ್ದ ಇನ್ನೊಂದು ಗ್ರೈಂಡರ್ ಕಂಡಿತು. ಅದರೊಳಗೆ ನನ್ನ ಕಲ್ಲು! ಕಡಲೆಯಷ್ಟು ದೊಡ್ಡ ಅದೇ ಒಡಕು. ಅಳುಕು ಎಲ್ಲ ಹಾರಿಹೋಯಿತು. ಆ ಕಲ್ಲನ್ನು ಎತ್ತಿ ನೆಲಕ್ಕೆ ಇಟ್ಟೆ, ಗೋಣಿಯಲ್ಲಿದ್ದದ್ದನ್ನು ಅದರ ಜಾಗಕ್ಕೆ ಹಾಕಿದೆ, ಡಬ್ಬಿಯ ಅಕ್ಕಿ ಸುರಿದು ಸ್ವಿಚ್ ಒತ್ತಿದೆ. ಆಮೇಲೆ ಮಾರಾಟಕ್ಕಿಟ್ಟಿದ್ದ ಒಂದು ಕುರ್ಚಿ ಎಳೆದು ಕೂತೆ.

"ಒಳ್ಳೆ ಕಲ್ಲು ಅಂತ ನೀವೇ ಹೇಳಿದ್ದಲ್ಲ," ಎಂದೆ. "ಹಿಟ್ಟು ನುಣ್ಣಗೆ ಆಗ್ಲಿ. ಅಲ್ಲಿವರೆಗೆ ನಾನು ಇಲ್ಲಿಂದ ಏಳುದಿಲ್ಲ."

ಗಡಗಡ ಸದ್ದಿಗೆ ಅಂಗಡಿಯಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ವ್ಯಾಪಾರ ನಿಂತಿತು. ಅವನು ಎರಡು ಸಲ ಆಫ್ ಮಾಡಲು ಬಂದ. ನಾನು ಸ್ವಿಚ್ಚಿಗೆ ಕೈ ಅಡ್ಡ ಇಟ್ಟು ಕೂತೆ. ಎಷ್ಟೋ ಹೊತ್ತಿನ ಮೇಲೆ ಫ್ರಿಜ್ಜು ನೋಡಲು ಬಂದಿದ್ದ ಹೆಂಗಸೊಬ್ಬರು ಹಿಟ್ಟಿಗೆ ಬೆರಳು ಅದ್ದಿ ಉಜ್ಜಿ ನೋಡಿ, "ತರಿ ಹಾಗೇ ಉಂಟಲ್ಲ ಮಾರಾಯ್ರೆ," ಎಂದರು. ಹಾಗೆಂದು ಫ್ರಿಜ್ಜನ್ನೂ ನೋಡದೆ ಹೊರಗೆ ನಡೆದರು. ಅವರ ಹಿಂದೆಯೇ ಇನ್ನಿಬ್ಬರು ಹೊರಟರು.

ಆಗ ಅಂಗಡಿಯವ ಒಡೆದ ಕಲ್ಲನ್ನು ತಾನೇ ಗೋಣಿಗೆ ತುಂಬಿಸಿದ. ಕ್ಷಮೆ ಕೇಳಲಿಲ್ಲ. ಸ್ಕೂಟರಿನ ತನಕ ತಂದಿಟ್ಟು ನನ್ನ ಗಂಡನಿಗೆ, "ಅಕ್ಕ ಸ್ವಲ್ಪ ಜೋರು ಅಲ್ವಾ ಅಣ್ಣ?" ಎಂದ.

ಇವರು ನಕ್ಕರು.

ಅಂಗಡಿಯವನ ಮೋಸಕ್ಕೆ ಬಂದ ಸಿಟ್ಟು ಕಲ್ಲು ಕೈಗೆ ಸಿಕ್ಕಿದ ಮೇಲೆ ಅರ್ಧ ಇಳಿದಿತ್ತು. ಆ ನಗುವಿಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಪಂಕ್ತಿಯಲ್ಲಿ ನನ್ನ ದೋಸೆಗೆ ಜನ ನಕ್ಕಾಗ ಇವರೂ ಅಲ್ಲೇ ನೀರು ಬಡಿಸುತ್ತಿದ್ದರು, ನನ್ನ ಮುಖ ನೋಡಿದ್ದರು. ಸುಮ್ಮನೆ ನಗಾಡಿದ್ದು, ಅವನ ಬಾಯಿ ಮುಚ್ಚಿಸಲಿಕ್ಕೆ ಎಂದು ಆಮೇಲೆ ಸಮಜಾಯಿಷಿ ಕೊಟ್ಟರು. ನಕ್ಕರೆ ಯಾರ ಬಾಯಿಯಾದರೂ ಮುಚ್ಚುತ್ತದಾ?

ಆ ಮದುವೆಯ ಆರ್ಡರು ನನಗೆ ಸಿಗಲಿಲ್ಲ. ಬೇರೆ ಆರ್ಡರುಗಳು ಬರುತ್ತಿವೆ. ಒಡೆದ ಕಲ್ಲು ಈಗಲೂ ಬೆಣ್ಣೆಯ ಹಾಗೆ ಅರೆಯುತ್ತದೆ. ಮೊನ್ನೆ ಮನೆಗೆ ಒಂದು ಹಳೆ ಮಂಚ ನೋಡುವ ಎಂದು ಹೊರಟಾಗ ಇವರು ಸ್ಕೂಟರಿನ ಕೀ ಹಿಡಿದು, ನಾನೂ ಬರಬೇಕಾ ಎಂದು ಕೇಳಿದರು.

"ಬನ್ನಿ," ಎಂದೆ. "ಮಾತಾಡುದು ನಾನು. ನಗಾಡ್ಲಿಕ್ಕೆ ಒಬ್ರು ಬೇಕಲ್ಲ."

ಅವತ್ತು ಇವರು ನಗಲಿಲ್ಲ.