ಸಾಹೇಬರನ್ನ ಕೇಳಿ ಹೇಳ್ತೀನಿ

ರಟ್ಟಿನ ಡಬ್ಬಿ ಮಾಡುವ ಆ ಶೆಡ್ಡಿನಲ್ಲಿ ತಿರುಗುವ ಕುರ್ಚಿ ಇದ್ದದ್ದು ಒಂದೇ. ಅದರಲ್ಲಿ ಒಡತಿ ಕೂರುತ್ತಿರಲಿಲ್ಲ. ಆಕೆಯ ಜಾಗ ಕತ್ತರಿಸುವ ಯಂತ್ರದ ಪಕ್ಕದ ಸ್ಟೂಲು. ಕುರ್ಚಿಯಲ್ಲಿ ಕೂರುತ್ತಿದ್ದವನು ಆಕೆಯ ಮೈದುನ. ಅಂಟು ಹಚ್ಚುವ ಹೆಂಗಸರು ಅವನನ್ನು ಬೆನ್ನ ಹಿಂದೆ ಕುರ್ಚಿ ಸಾಹೇಬ ಎನ್ನುತ್ತಿದ್ದರು. ಒಡತಿಯನ್ನು ಎದುರಿಗೂ ಹಿಂದೆಯೂ ಡಬ್ಬಿ ಅಕ್ಕ ಎಂದೇ ಕರೆಯುತ್ತಿದ್ದರು.

ಡಬ್ಬಿ ಅಕ್ಕ ಮೊದಲು ಬೇರೊಬ್ಬರ ಅಂಗಡಿಯಲ್ಲಿ ಅಂಟು ಹಚ್ಚುತ್ತಿದ್ದವಳು. ಆ ಮಾಲೀಕ ಅಂಗಡಿ ಮುಚ್ಚಿದಾಗ ಹಳೆಯ ಯಂತ್ರವನ್ನು ತಾನೇ ಕೊಂಡಳು, ಪರವಾನಗಿಯನ್ನು ತನ್ನ ಹೆಸರಿಗೇ ಮಾಡಿಸಿದಳು. ಶೆಡ್ಡು ತೆರೆದ ಹೊಸತರಲ್ಲಿ ಡಬ್ಬಿ ಬೇಕೆಂದು ಬಂದವರು ಬಾಗಿಲಲ್ಲಿ ನಿಂತು ಒಳಗೆ ಇಣುಕಿ, "ಯಾರೂ ಇಲ್ವಾ?" ಎಂದು ಕೇಳುತ್ತಿದ್ದರು. ಅವರ ಕಣ್ಣೆದುರಿಗೇ ಐದು ಜನ ಹೆಂಗಸರು ಕೆಲಸ ಮಾಡುತ್ತಿರುತ್ತಿದ್ದರು.

"ನಾವು ಇದೀವಲ್ಲ."

"ಅಲ್ಲಮ್ಮ, ಮಾತಾಡೋರು ಯಾರೂ ಇಲ್ವಾ ಅಂದೆ."

ಹೀಗೆ ಕೇಳಿ ಕೇಳಿ ಬೇಸತ್ತು ಆಕೆ ಒಬ್ಬ ಸಾಹೇಬನನ್ನು ಹುಟ್ಟುಹಾಕಿದಳು. ಯಾರಾದರೂ ಚೌಕಾಸಿಗೆ ಇಳಿದರೆ "ಸಾಹೇಬರನ್ನ ಕೇಳಿ ಹೇಳ್ತೀನಿ" ಎಂದು ರಟ್ಟಿನ ರಾಶಿಯ ಹಿಂದೆ ಹೋಗಿ, ಒಂದು ಲೋಟ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ವಾಪಸು ಬರುತ್ತಿದ್ದಳು. "ಸಾಹೇಬರು ಒಪ್ತಿಲ್ಲ." ಅಲ್ಲಿಗೆ ಮಾತು ಮುಗಿಯುತ್ತಿತ್ತು. ಅದೇ "ಆಗಲ್ಲ" ಆಕೆಯ ಬಾಯಿಂದ ಬಂದಾಗ ಗಯ್ಯಾಳಿತನ ಅನ್ನಿಸಿಕೊಂಡಿತ್ತು. ಇಲ್ಲದ ಸಾಹೇಬನ ಬಾಯಿಂದ ಬಂದಾಗ ವ್ಯವಹಾರವಾಯಿತು.

ಆದರೆ ಗಿರಾಕಿ ದೊಡ್ಡವನಾದಂತೆ ಸಾಹೇಬರನ್ನು ಕಣ್ಣಾರೆ ಕಾಣುವ ಆಸೆಯೂ ದೊಡ್ಡದಾಯಿತು. ದಾರಿ ತೋರಿಸಿದ್ದು ಅತ್ತೆ. ಕಿರಿಮಗ ಹಿಡಿದ ಕೆಲಸವನ್ನೆಲ್ಲ ಬಿಟ್ಟು ಮನೆಯಲ್ಲಿ ಕೂತಿದ್ದ. "ಇಲ್ಲಿ ಕೂರೋದನ್ನ ಅಲ್ಲಿ ಕೂರ್ತಾನೆ ಬಿಡು" ಎಂದರು. ಡಬ್ಬಿ ಅಕ್ಕ ಮೈದುನನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಸಿ, ಕುರ್ಚಿಯಲ್ಲಿ ಕೂರಿಸಿ ಪಾಠ ಹೇಳಿದಳು.

"ಬಾಯಿ ಮಾತ್ರ ಬಿಡ್ಬೇಡ. ರೇಟು ಕೇಳಿದ್ರೆ ಒಂದು ಸಲ ಸೂರು ನೋಡು, ಆಮೇಲೆ ನನ್ನ ಕಡೆ ಕೈ ತೋರ್ಸು."

"ಅತ್ತಿಗೆ, ಹೊಟ್ಟೆ ಹಸಿದ್ರೆ?"

"ವಾಚ್ ನೋಡು. ಬಂದೋರು ತಾವೇ ಎದ್ದು ಹೋಗ್ತಾರೆ."

ಪಾಠ ಚೆನ್ನಾಗಿಯೇ ಹತ್ತಿತು. ಮಾತು ಕಡಿಮೆ, ತೂಕದ ಮನುಷ್ಯ ಎಂದು ಹೆಸರಾಯಿತು. "ತೂಕ ಏನೋ ಹೌದು, ಕುರ್ಚಿ ಸ್ಪ್ರಿಂಗ್ ಆಗ್ಲೇ ಮುರೀತಲ್ಲ" ಎಂದು ಹೆಂಗಸರು ನಕ್ಕರು. ಡಬ್ಬಿ ಅಕ್ಕನೂ ನಕ್ಕಳು. ಔಷಧಿಯವರು, ಮೇಣದಬತ್ತಿಯವರು, ಕೊನೆಗೆ ಚಪ್ಪಲಿ ಕಾರ್ಖಾನೆಯವರೂ ಗಿರಾಕಿಗಳಾದರು.

ಕೆಲವು ವರ್ಷಗಳ ಮೇಲೆ ಚಪ್ಪಲಿ ಕಾರ್ಖಾನೆ ತನಗೆ ಬೇಕಾದ ಅಷ್ಟೂ ಡಬ್ಬಿಯನ್ನು ಒಬ್ಬರಿಂದಲೇ ಕೊಳ್ಳಲು ನಿರ್ಧರಿಸಿತು. ಆ ಒಪ್ಪಂದ ಸಿಕ್ಕರೆ ಪಕ್ಕದ ಶೆಡ್ಡು, ಎರಡನೆಯ ಯಂತ್ರ ಎಲ್ಲವೂ ಕೈಗೆಟುಕುತ್ತಿದ್ದವು. ತಪ್ಪಿದರೆ ಇದ್ದ ಕೆಲಸದಲ್ಲಿ ಅರ್ಧಕ್ಕೂ ಹೆಚ್ಚು ಹೋಗುತ್ತಿತ್ತು. ಅದೇ ಸಮಯಕ್ಕೆ ಡಬ್ಬಿ ಅಕ್ಕ ಮಹಿಳಾ ಉದ್ಯಮಿಗಳ ತರಬೇತಿಗೆ ಹೋದಳು. "ನಿಮ್ಮ ಮುಖವೇ ನಿಮ್ಮ ಬೋರ್ಡು. ಗಂಡಸರ ಬೆನ್ನ ಹಿಂದೆ ಅಡಗಬೇಡಿ" ಎಂದರು ತರಬೇತಿಯವರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕೊನೆಯಲ್ಲಿ ಹಂಚಿದ ಉಡುಗೊರೆಯ ಡಬ್ಬಿ ಆಕೆಯ ಶೆಡ್ಡಿನದೇ. ಆ ಆರ್ಡರನ್ನೂ ಅವರು ಸಾಹೇಬರಿಗೇ ಕೊಟ್ಟಿದ್ದರು.

ಒಪ್ಪಂದಕ್ಕೆ ತಾನೇ ಸಹಿ ಹಾಕುವುದಾಗಿ ಆಕೆ ಮನೆಯಲ್ಲಿ ಹೇಳಿದಳು. ಶಾಲಾ ವ್ಯಾನು ಓಡಿಸುವ ಗಂಡ, "ಓಡ್ತಿರೋ ಗಾಡಿಗೆ ಯಾಕೆ ಬ್ರೇಕ್ ಹಾಕ್ತೀಯ?" ಎಂದ. ಅತ್ತೆ, "ಅವನು ಹಾಕಿದ್ರೇನು, ನೀನು ಹಾಕಿದ್ರೇನು, ಒಂದೇ ಮನೆ ತಾನೇ" ಎಂದರು. ಒಂದೇ ಮನೆಯಾದರೆ ತಾನೇ ಹಾಕಬಹುದಲ್ಲ ಎಂದು ಆಕೆ ಕೇಳಿದಳು. ಮೈದುನ ಸೂರು ನೋಡಿದ.

ಸಹಿಯ ದಿನ ಒಪ್ಪಂದದ ಕಾಗದ ಹಿಡಿದು ಶೆಡ್ಡಿಗೆ ಬಂದ ಕಾರ್ಖಾನೆಯ ಖರೀದಿ ಅಧಿಕಾರಿ ಪೆನ್ನನ್ನು ನೇರವಾಗಿ ಮೈದುನನ ಕಡೆ ಚಾಚಿದ.

"ಸಹಿ ನಾನು ಮಾಡ್ಬೇಕು ಸಾರ್. ಓನರ್ ನಾನು."

"ಮನೇಲಿ ಹೆಂಗಸ್ರೇ ಓನರ್ರು ಬಿಡಿ, ನಮ್ಮನೇಲೂ ಅಷ್ಟೆ" ಎಂದು ಅಧಿಕಾರಿ ನಕ್ಕ. ಆಕೆ ಪರವಾನಗಿಯನ್ನು ಮೇಜಿನ ಮೇಲಿಟ್ಟಳು. ಅದನ್ನು ಓದುತ್ತ ಓದುತ್ತ ಅವನ ನಗು ಇಳಿಯಿತು.

"ಮತ್ತೆ ಇವರು?"

"ನನ್ನ ಮೈದುನ. ಸುಮ್ನೆ ಕೂರ್ತಿದ್ರು."

"ಅಂದ್ರೆ ಇಷ್ಟು ವರ್ಷ ನಮ್ಗೆ ಸುಳ್ಳು ಹೇಳಿದ್ರಿ."

"ನನ್ನ ಜೊತೆ ಯಾರೂ ಮಾತೇ ಆಡ್ತಿರ್ಲಿಲ್ಲ ಸಾರ್. ಒಂದು ಡಬ್ಬಿ ಆದ್ರೂ ಕೆಟ್ಟು ಬಂದಿತ್ತಾ ಹೇಳಿ."

"ಡಬ್ಬಿ ಮಾತಲ್ಲಮ್ಮ, ನಂಬಿಕೆ ಮಾತು." ಅಧಿಕಾರಿ ಮೈದುನನ ಕಡೆ ತಿರುಗಿದ. "ಇವರು ಒಂದು ದಿನ ಆದ್ರೂ ನಾನು ಓನರ್ ಅಂದಿದಾರಾ? ಇಲ್ಲ. ಇವರೇ ಸಾಹೇಬ್ರು ಅಂದಿದ್ದು ನೀವು."

ಅದು ನಿಜವಾಗಿತ್ತು. ಬಾಯಿ ಬಿಡಬೇಡ ಎಂದವಳು ಆಕೆಯೇ. ಸುಳ್ಳೆಲ್ಲ ಆಕೆಯ ನಾಲಿಗೆಯ ಮೇಲೆ ಉಳಿದಿತ್ತು. ಕುರ್ಚಿಯಲ್ಲಿ ಕೂತವನು ಸತ್ಯವಂತನಾಗಿ ಎದ್ದಿದ್ದ. ಆಕೆ ಮೈದುನನ ಮುಖ ನೋಡಿದಳು. ಅತ್ತಿಗೆಯೇ ಎಲ್ಲ ನಡೆಸೋದು ಎಂಬ ಒಂದು ಮಾತು ಸಾಕಾಗಿತ್ತು. ಅವನು ವಾಚ್ ನೋಡಿಕೊಂಡ.

ಅಂದು ಸಹಿ ಆಗಲಿಲ್ಲ. ಆಮೇಲೆ ಆಯಿತು, ಮೈದುನನ ಹೆಸರಿನಲ್ಲಿ. ಕಾರ್ಖಾನೆ ಕೊಟ್ಟ ಮುಂಗಡದಲ್ಲಿ, ಅದರ ಹಿಂಬದಿಯಲ್ಲೇ ಅವನ ಹೊಸ ಶೆಡ್ಡು ಎದ್ದಿತು. ಅಳತೆ ಬಲ್ಲ ಹಿರಿಯ ಹೆಂಗಸೂ ಸೇರಿದಂತೆ ಮೂವರು ಅತ್ತ ಹೋದರು. "ಏನ್ಮಾಡೋದಕ್ಕ, ಹೊಟ್ಟೆ ಕೇಳಲ್ವಲ್ಲ" ಎಂದು ಹೇಳಿಯೇ ಹೋದರು. ಡಬ್ಬಿ ಅಕ್ಕನಿಗೂ ಕರೆ ಬಂತು, ಉಸ್ತುವಾರಿ ನೋಡಿಕೊಂಡು ತಿಂಗಳ ಸಂಬಳಕ್ಕೆ ಇರಲಿ ಎಂದು. ಮಾತು ತಂದದ್ದು ಅತ್ತೆ. ಗಂಡ, "ಸಂಬಳ ಆದ್ರೂ ಗ್ಯಾರಂಟಿ" ಎಂದ. ಆಕೆ ಹೋಗಲಿಲ್ಲ.

ಒಂದು ದಿನ ಮೈದುನ ಶೆಡ್ಡಿಗೆ ಬಂದ. ಬಾಗಿಲಲ್ಲೇ ನಿಂತು, "ಅತ್ತಿಗೆ, ಆ ಕುರ್ಚಿ ತಗೊಂಡು ಹೋಗ್ಲಾ? ಬೇರೆದ್ರಲ್ಲಿ ಸೊಂಟ ಹಿಡಿಯುತ್ತೆ" ಎಂದ.

"ತಗೊಂಡು ಹೋಗಪ್ಪ. ನೀನಿಲ್ದೆ ಅದಕ್ಕೆ ನಡಿಯುತ್ತೆ, ಅದಿಲ್ದೆ ನಿಂಗೆ ನಡಿಯಲ್ಲ."

ಅವನಿಗೆ ಸಿಟ್ಟು ಬರಲಿಲ್ಲ. ಕುರ್ಚಿಯನ್ನು ಉರುಳಿಸಿಕೊಂಡು ಹೋದ.

ಈಗ ಬೋರ್ಡಿನ ಮೇಲೆ ಡಬ್ಬಿ ಅಕ್ಕನ ನಿಜವಾದ ಹೆಸರಿದೆ. ಶೆಡ್ಡಿನಲ್ಲಿ ಇಬ್ಬರು ಹೆಂಗಸರಿದ್ದಾರೆ. ಬರುವುದೆಲ್ಲ ಸಣ್ಣ ಆರ್ಡರು. ಮೊನ್ನೆ ಮೇಣದಬತ್ತಿಯವನು ಫೋನು ಮಾಡಿ, ರೇಟು ಕೇಳಿ, ಇನ್ನೂ ಇಳಿಸಿ ಎಂದ. ಆಕೆ ರಟ್ಟಿನ ರಾಶಿಯ ಕಡೆಗೊಮ್ಮೆ ನೋಡಿ, ಕೂತಲ್ಲಿಂದಲೇ "ಆಗಲ್ಲ" ಎಂದಳು.

"ಏನಮ್ಮ ಇಷ್ಟು ಖಾರ ನೀವು? ಆ ಹೊಸ ಶೆಡ್ಡಿನ ಸಾಹೇಬರನ್ನ ನೋಡಿ ಕಲೀರಿ. ಎಷ್ಟು ಗಂಭೀರ, ತುಟಿ ಪಿಟಕ್ ಅನ್ನಲ್ಲ."

"ಅದನ್ನ ಕಲಿಸಿದ್ದು ನಾನೇ" ಎಂದಳು ಡಬ್ಬಿ ಅಕ್ಕ. ಅಷ್ಟರಲ್ಲಿ ಅವನು ಫೋನು ಇಟ್ಟಾಗಿತ್ತು.