ಓಲೀಟಾಳ ಕೆರೆಗೆ ನೀರು ನಿಂತದ್ದು

ಓಲೀಟಾ ಪ್ರೂಯೆಟ್‌ಗೆ ನಲವತ್ತೊಂಬತ್ತು ತುಂಬಿದ ವರ್ಷ, ತನಗೊಂದು ಕೆರೆ ಬೇಕೆನ್ನಿಸಿತು. ಈಜಲಿಕ್ಕೆ, ದೋಣಿ ಬಿಡಲಿಕ್ಕೆ, ದಡದಲ್ಲಿ ಕಾಲು ಇಳಿಬಿಟ್ಟು ಕೂತು ನಗಲಿಕ್ಕೆ. ಅವಳಿಗೆ ಈಜು ಬರುತ್ತಿತ್ತೇ ಎಂದರೆ, ಅದೂ ಇಲ್ಲ. ಇಪ್ಪತ್ತೆರಡು ವರ್ಷದಿಂದ ಅಂಗಿ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದವಳು. ಮಿಸೌರಿಯ ದಕ್ಷಿಣದ ಗುಡ್ಡಗಳ ನಡುವೆ ಚಿಕ್ಕಮ್ಮ ಬಿಟ್ಟುಹೋದ ನಲವತ್ತು ಎಕರೆ ಕಲ್ಲುಭೂಮಿ ಅವಳ ಹೆಸರಿನಲ್ಲಿತ್ತು.

"ಅಲ್ಲಿ ಆಡು ಕೂಡ ಮೂಸಿ ನೋಡಿ ವಾಪಸ್ ಬರುತ್ತೆ ಕಣೇ," ಎಂದ ಗಂಡ ಹರ್ಷಲ್.

"ಆಡಿಗೆ ಯಾರು ಮಾಡ್ತಿದಾರೆ? ನನಗೆ ಮಾಡ್ಕೋತಿದೀನಿ," ಎಂದಳು ಓಲೀಟಾ.

ತಮ್ಮ ವೆಲ್ಡನ್ ರಸ್ತೆ ಕೆಲಸದವನು, ಬುಲ್ಡೋಜರ್ ಇಟ್ಟುಕೊಂಡಿದ್ದ. ಸುಗ್ಗಿ ಮುಗಿದ ಮೇಲೆ ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಏರಿ ಹಾಕಲು ಶುರುಮಾಡಿದರು. ಮೊದಲು ಆಳಕ್ಕೆ ಕಾಲುವೆ ತೋಡಿ ಕೆಂಪು ಜೇಡಿ ತುಂಬಿದರು. ಅದರ ಮೇಲೆ ಗೇಣುದ್ದ ಮಣ್ಣು, ಅದನ್ನು ತುಳಿಸಿ ಗಟ್ಟಿಮಾಡಿ ಮತ್ತೆ ಗೇಣುದ್ದ ಮಣ್ಣು. ಪ್ರತಿ ಪದರಕ್ಕೂ ಓಲೀಟಾ ಸ್ಕ್ರೂಡ್ರೈವರ್ ಚುಚ್ಚಿ ನೋಡುವಳು. ಸಲೀಸಾಗಿ ಇಳಿಯಿತೋ, ವೆಲ್ಡನ್ ಮತ್ತೊಂದು ಸುತ್ತು ಗಾಡಿ ಓಡಿಸಬೇಕು.

"ಅಕ್ಕಾ, ಇದು ಅಂಗಿಯಲ್ಲ, ಏರಿ!"

"ಸಡಿಲ ಹೊಲಿಗೆ ಕಂಡ್ರೆ ಬಿಚ್ಚಿಸೋಳು ನಾನು. ತಿರುಗಿಸೋ ಗಾಡೀನ."

ಎರಡಾಳೆತ್ತರದ ಏರಿ ಎದ್ದಿತು. ಎಡಗಡೆಯ ಬಂಡೆಯಲ್ಲಿ ಹೆಚ್ಚಿನ ನೀರು ಹೋಗಲು ಕೋಡಿ ಕಡಿದರು. ಮಳೆ ಬಂತು. ಭಾನುವಾರ ಮೊಣಕಾಲುದ್ದ ನಿಂತ ನೀರು ಗುರುವಾರದ ಹೊತ್ತಿಗೆ ಮಾಯ. ಏರಿ ಒಂದು ಹನಿ ಬಿಟ್ಟಿರಲಿಲ್ಲ. ಕೆರೆಯ ತಳವೇ ಜರಡಿ. ಆ ಗುಡ್ಡಗಳ ಹೊಟ್ಟೆಯೆಲ್ಲ ಸುಣ್ಣಕಲ್ಲಿನ ಬಿಲ, ಎಷ್ಟು ಸುರಿದರೂ ಕುಡಿದುಬಿಡುತ್ತಿತ್ತು.

ಊರಿಗೆ ಇದಕ್ಕಿಂತ ಬೇರೆ ಹಬ್ಬ ಬೇಕೇ? ಕೆರೆಗೆ 'ಪ್ರೂಯೆಟ್ ಬಚ್ಚಲು' ಎಂದು ನಾಮಕರಣವಾಯಿತು. ಕಾರ್ಖಾನೆಯಲ್ಲಿ ಬೆಳಗಿನ ನಮಸ್ಕಾರದ ಬದಲು "ಓಲೀಟಾ, ಬಚ್ಚಲ ಬಿರಡೆ ಸಿಕ್ತೇನೇ?" ಎಂದು ಕೇಳತೊಡಗಿದರು. ಓಲೀಟಾ ಅವರಿಗಿಂತ ಜೋರಾಗಿ ನಗುವಳು. ಮನೆಗೆ ಬಂದು ಮಾತ್ರ ಜೋಳದ ರೊಟ್ಟಿಯ ಹಿಟ್ಟನ್ನು ಶತ್ರುವನ್ನು ಬಡಿದಂತೆ ಬಡಿಯುವಳು.

ದಾರಿ ತೋರಿಸಿದವನು ಪಕ್ಕದ ಹೊಲದ ಹಂದಿ ಸಾಕುವ ಮುದುಕ ಕ್ಲೈಡ್ ಸ್ಟ್ರಂಕ್. "ತಳಕ್ಕೆ ಹುಲ್ಲು ಹರಡಿ ನನ್ನ ಹಂದಿಗಳ್ನ ಬಿಡಮ್ಮ. ತುಳಿದೂ ತುಳಿದೂ, ಹೇತೂ ಹೇತೂ, ಗಡಿಗೆ ಥರ ಮಾಡಿಕೊಡ್ತವೆ. ನಮ್ಮಜ್ಜ ಹಂಗೇ ಮಾಡ್ತಿದ್ದ."

ಹರ್ಷಲ್ ಮೂಗು ಮುಚ್ಚಿಕೊಂಡ. ಓಲೀಟಾ ಒಪ್ಪಿಕೊಂಡಳು. ಬೇಲಿ ಹಾಕಿದ ಕೆರೆಯಂಗಳಕ್ಕೆ ನಲವತ್ತಮೂರು ಹಂದಿಗಳು ಬೀಗರ ದಿಬ್ಬಣದಂತೆ ಇಳಿದವು. ತಿಂಗಳುಗಟ್ಟಲೆ ಮೆದ್ದವು, ಹೊರಳಿದವು, ತಳವನ್ನು ಕಪ್ಪು ಹಲ್ವದಂತೆ ನಾದಿದವು. ಶನಿವಾರ ವಾಪಸ್ ಹೊಡೆದುಕೊಂಡು ಹೋಗುತ್ತೇನೆಂದು ಸ್ಟ್ರಂಕ್ ಹೇಳಿದ್ದ. ಗುರುವಾರವೇ ಮಳೆ ಹಿಡಿಯಿತು.

ಮೇ ತಿಂಗಳ ಆ ಮಳೆ ಎರಡು ದಿನ ಬಿಡಲಿಲ್ಲ. ಶನಿವಾರ ಬೆಳಿಗ್ಗೆ ಬಿಸಿಲು ಬಿದ್ದಾಗ ಓಲೀಟಾ ಗಂಬೂಟು ಹಾಕಿಕೊಂಡು ಓಡಿದಳು. ಏರಿ ಹತ್ತಿ ನಿಂತಳು. ಈ ಗುಡ್ಡದಿಂದ ಆ ಗುಡ್ಡದವರೆಗೆ ನೀರು! ಕೋಡಿಗೆ ಇನ್ನೊಂದೇ ಮೊಳ! ಅವಳು "ರೀ! ರೀ!" ಎಂದು ಕಿರುಚುತ್ತ ನಿಂತಲ್ಲೇ ಕುಣಿದಳು. ಆಮೇಲೆ ಕೆಳಗೆ ನೋಡಿದಳು. ಬೇಲಿ ಮುಳುಗಿತ್ತು. ನಲವತ್ತಮೂರೂ ಹಂದಿಗಳು ಈಜಿ ಬಂದು, ಹೊಸ ಹುಲ್ಲು ಚಿಗುರಿದ್ದ ಅವಳ ಏರಿಯನ್ನು ಮೂತಿಯಿಂದ ಅಗೆಯುತ್ತಿದ್ದವು.

ತುಂಬಿದ ಕೆರೆ, ನೆನೆದ ಏರಿ, ಅದರ ಮೇಲೆ ನಲವತ್ತಮೂರು ಗುದ್ದಲಿ! ವೆಲ್ಡನ್ ಕೋಲು ಹಿಡಿದು ಒಂದು ಕಡೆ ಅಟ್ಟಿದರೆ ಅವು ಇನ್ನೊಂದು ಕಡೆ ಹತ್ತಿದವು. ಹರ್ಷಲ್ ಪೊರಕೆ ಬೀಸಿ, ಜಾರಿ, ಬುಡದವರೆಗೆ ಕುಂಡಿಯ ಮೇಲೇ ಹೋದ. ಸುದ್ದಿ ಕೇಳಿ ಅರ್ಧ ಊರೇ ದಡಕ್ಕೆ ಬಂದು ನಿಂತಿತು.

"ಬಕೀಟು ಕೊಡ್ರೀ!" ಎಂದಳು ಓಲೀಟಾ. ಜೋಳ ತುಂಬಿದ ಬಕೀಟು ಹಿಡಿದು, ಕೆರೆ ತುಂಬುವ ದಿನಕ್ಕೆಂದು ಮೊದಲೇ ತಂದಿಟ್ಟಿದ್ದ ಚಪ್ಪಟೆ ದೋಣಿ ಹತ್ತಿದಳು.

"ಅಕ್ಕಾ, ನಿಂಗೆ ಈಜು ಬರಲ್ಲ!"

"ಹಂದಿಗೆ ಬರುತ್ತಲ್ಲ! ಹುಟ್ಟು ಹಾಕೋ ನೀನು."

ಅವಳು ದೋಣಿಯಲ್ಲಿ ಎದ್ದು ನಿಂತು, ಬಕೀಟು ಬಡಿಯುತ್ತ, "ಸೂಯಿ! ಸೂಯಿ!" ಎಂದು ಮೇವಿಗೆ ಹಂದಿ ಕರೆಯುವ ಕೂಗನ್ನು ಗಂಟಲು ಹರಿಯುವಂತೆ ಕೂಗಿದಳು. ದೊಡ್ಡ ಹೆಣ್ಣುಹಂದಿಯೊಂದು ಕಿವಿ ನಿಮಿರಿಸಿ ನೀರಿಗೆ ಧುಮುಕಿತು. ಅದರ ಹಿಂದೆ ಒಂದು, ಅದರ ಹಿಂದೆ ಮತ್ತೊಂದು. ನಲವತ್ತಮೂರು ಮೂತಿಗಳು ಕೆರೆಯ ಉದ್ದಕ್ಕೂ ಸಾಲಾಗಿ ಹೊರಟವು. ದಡದವರು ಚಪ್ಪಾಳೆ ತಟ್ಟಿದರು, ಶಿಳ್ಳೆ ಹೊಡೆದರು. ಓಲೀಟಾ ಮಹಾರಾಣಿಯ ಹಾಗೆ ಕೈಬೀಸಿದಳು.

ಆಚೆ ದಡಕ್ಕೆ ಇಪ್ಪತ್ತು ಮಾರು ಇರುವಾಗ ಆ ದೊಡ್ಡ ಹಂದಿಗೆ ತಡೆಯಲಾಗಲಿಲ್ಲ. ಮುಂಗಾಲು ದೋಣಿಯ ಅಂಚಿಗೆ ಇಟ್ಟಿತು, ಅಷ್ಟೇ. ದೋಣಿ, ಬಕೀಟು, ವೆಲ್ಡನ್, ಓಲೀಟಾ, ಎಲ್ಲ ತಲೆಕೆಳಗು.

ನೀರೊಳಗೆ ಹೋದವಳ ಕೈಗೆ ಸಿಕ್ಕಿದ್ದು ಒರಟು ಕೂದಲಿನ ಒಂದು ಬೆನ್ನು. ಕಣ್ಣುಮುಚ್ಚಿ ತಬ್ಬಿಕೊಂಡಳು. ಹಂದಿ ಬೈಯುತ್ತಲೇ ದಡದತ್ತ ಈಜಿತು. ತಲೆ ಮೇಲೆ ಬಂದಾಗ ಅವಳಿಗೆ ತಿಳಿದದ್ದು ಇಷ್ಟು: ಕಾಲು ನೆಲಕ್ಕೆ ತಾಗುತ್ತಿಲ್ಲ, ಮೈಗೆ ಭಾರವೇ ಇಲ್ಲ, ತಾನು ತೇಲುತ್ತಿದ್ದೇನೆ. ಕೆಸರು ಮೆತ್ತಿದ ಮುಖದಲ್ಲಿ ಬಾಯಿ ಅಗಲಿಸಿ ನಕ್ಕಳು. ಎಷ್ಟು ನಕ್ಕಳೆಂದರೆ, ಅತ್ತಿತ್ತ ಓಡಾಡಿ ಕಂಗಾಲಾಗಿದ್ದ ಹರ್ಷಲ್ ಬೂಟು ಕಳಚದೇ ಹಾರಿಬಿಟ್ಟ. ಕಾಲರ್ ವಿಭಾಗದ ಹೆಂಗಸರು ಲಂಗ ಎತ್ತಿಕಟ್ಟಿ ಇಳಿದರು. ಹಂದಿ ಯಾವುದು, ಮನುಷ್ಯರು ಯಾರು ಎಂದು ತಿಳಿಯದ ಹಾಗೆ ಎಲ್ಲರೂ ಒದ್ದಾಡಿ ನಕ್ಕರು.

ಮಧ್ಯಾಹ್ನ ಸ್ಟ್ರಂಕ್ ಬಂದು ಹಂದಿಗಳನ್ನು ಎಣಿಸುತ್ತಿದ್ದಾಗ ಕೆರೆ ಕೋಡಿ ಬಿತ್ತು. ಬಂಡೆಯ ಮೇಲೆ ತೆಳ್ಳಗೆ, ಹೊಳೆಯುತ್ತ ನೀರು ಜಾರಿತು. ವೆಲ್ಡನ್ ಏರಿಯ ಗಾಯಗಳಿಗೆಲ್ಲ ಜೇಡಿ ತುಂಬಿ ತುಳಿದ. ಓಲೀಟಾ ಒದ್ದೆ ಬಟ್ಟೆಯಲ್ಲೇ ಸ್ಕ್ರೂಡ್ರೈವರ್ ತಂದಳು.

ಆ ಬೇಸಿಗೆ ಮುಗಿಯುವುದರೊಳಗೆ ಅವಳು ಈಜು ಕಲಿತಳು. ಮೂವತ್ತೊಂದು ವರ್ಷ ಭಾನುವಾರಗಳಲ್ಲಿ ಊರಿಗೆಲ್ಲ ಆ ಕೆರೆ ತೆರೆದಿತ್ತು. ಬಂದವರು ಮನೆಯಲ್ಲಿ ಬೇಯಿಸಿದ ಒಂದು ಹಣ್ಣಿನ ಪೈ ತರಬೇಕು, ಏರಿಯ ಮೇಲೆ ಓಡಬಾರದು, ಎರಡೇ ಷರತ್ತು. ಎಂಬತ್ತರ ವಯಸ್ಸಿನಲ್ಲೂ ನೀರಿನ ಮೇಲೆ ಚಾಚಿದ್ದ ಹಲಗೆಯ ತುದಿಗೆ ಬಂದು, ಮೂಗು ಹಿಡಿದು, "ಪಕ್ಕಕ್ಕೆ ಸರೀರೋ!" ಎಂದು ಕೂಗಿ ಹಾರುವಳು. ಏಳುವ ಅಲೆಗೆ ದಡದಲ್ಲಿದ್ದವರ ಪೈಯೆಲ್ಲ ಒದ್ದೆಯಾಗುತ್ತಿತ್ತು.